ಯಾವ ದೋಣಿ ತಗೊಳ್ಳಲಿ ಅಣ್ಣಾ?

ಬೇಲಿಯಾಚೆಯ ಮನೆಯಲ್ಲಿ ಹಾಸನದ ಕಡೆಯ ಹುಡುಗನೊಬ್ಬನಿದ್ದಾನೆ. ಹುಡುಗ ಅಂತ ನಾನು ಅನ್ನುವುದಷ್ಟೆ, ಎರಡು ಮಕ್ಕಳ ತಂದೆ. ಆಫೀಸಿನ ಗೆಳೆಯರ ಜೊತೆ ಹೋಗಿ ಹೋಗಿ ಬಾತುಬೇಟೆಯ ಹುಚ್ಚು ಹತ್ತಿಸಿಕೊಂಡಿದ್ದಾನೆ. ತರಬೇತಿ ಮುಗಿಸಿ ಲೈಸೆನ್ಸ್ ಮಾಡಿಸಿಕೊಂಡ, ಬಂದೂಕು ಕೊಂಡ, ಇಷ್ಟು ದಿನ ಅವರಿವರ ದೋಣಿಯಲ್ಲಿ ಜಾಗ ಕೇಳಿಕೊಂಡು ಹೋಗುತ್ತಿದ್ದ. ಈ ಸಲ ಸ್ವಂತದ್ದೇ ಬೇಕಂತೆ. ನಾನು ಹಿತ್ತಲಲ್ಲಿ ಎಲೆ ಗುಡಿಸುತ್ತಿದ್ದರೆ ಬೇಲಿಗೆ ಮೊಣಕೈ ಊರಿ ಫೋನು ಮುಂದೆ ಹಿಡಿದ.

"ಅಣ್ಣಾ, ಹದಿನಾಲ್ಕು ಅಡಿ ಅಲ್ಯೂಮಿನಿಯಂ ಜಾನ್ ಬೋಟು. ಹಿಂದೆ ಉದ್ದ ಬಾಲದ ಮಡ್ ಮೋಟರು. ಲೂಸಿಯಾನದವರ ವಿಡಿಯೋ ನೋಡಿ, ಕೆಸರಿನ ಮೇಲೇ ಓಡಿಸ್ತಾರೆ."

"ಲೂಸಿಯಾನದಲ್ಲಿ ಓಡುತ್ತೆ ಮಾರಾಯ. ನೀನು ಎಲ್ಲಿ ಓಡಿಸ್ತೀಯ, ಅದು ಹೇಳು."

ನಾನು ಬಂದೂಕು ಹಿಡಿದವನಲ್ಲ. ಹುಟ್ಟಿ ಬೆಳೆದದ್ದು ಅಘನಾಶಿನಿ ಅಳಿವೆಯ ಹತ್ತಿರ, ಗಜನಿ ಗದ್ದೆಗಳ ಅಂಚಿನಲ್ಲಿ. ಉಬ್ಬರದಲ್ಲಿ ಪಾತಿ ದೋಣಿ ಎಲ್ಲೆಲ್ಲಿ ನುಗ್ಗುತ್ತದೆ, ಇಳಿತದಲ್ಲಿ ಎಲ್ಲಿ ಕೆಸರು ಹಿಡಿದು ಕೂರುತ್ತದೆ ಅಂತ ನೋಡುತ್ತಲೇ ದೊಡ್ಡವನಾದೆ. ನಮ್ಮ ದೇಶದಲ್ಲಿ ಕಾಡುಬಾತು ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಇಲ್ಲಿ ನ್ಯೂಜೆರ್ಸಿಯಲ್ಲಿ ಅದು ಕಾನೂನಿನ ಚೌಕಟ್ಟಿನೊಳಗಿನ ಹಳೆಯ ಬದುಕು. ಬೇಟೆಗಾರರ ಜೊತೆ ನಾನೂ ಎಷ್ಟೋ ಸಲ ಹೋಗಿದ್ದೇನೆ, ಹುಟ್ಟು ಹಾಕುವುದಕ್ಕೆ, ಜಲ್ಲೆ ಒತ್ತುವುದಕ್ಕೆ. ಹಕ್ಕಿಯ ವಿಷಯ ಅವರಿಗೆ ಬಿಟ್ಟದ್ದು, ದೋಣಿಯ ವಿಷಯ ಬಂದರೆ ನಾನು ಸುಮ್ಮನಿರಲಾರೆ.

ನಮ್ಮ ಈ ಭಾಗದ ನೀರಿನ ಸ್ವಭಾವ ಸ್ವಲ್ಪ ಹೇಳಬೇಕು. ಟಕರ್ಟನ್ ಊರಿನಿಂದ ಗ್ರೇಟ್ ಬೇ ಬುಲೆವಾರ್ಡ್ ಅನ್ನುವ ರಸ್ತೆ ಹಿಡಿದರೆ ಸುಮಾರು ಐದು ಮೈಲಿ ಜೌಗಿನ ನಡುವೆಯೇ ಹೋಗಿ ನೀರಿನ ಅಂಚಿನಲ್ಲಿ ಮುಗಿಯುತ್ತದೆ. ಊರವರು ಏಳು ಸೇತುವೆ ರಸ್ತೆ ಅನ್ನುತ್ತಾರೆ, ಕಟ್ಟಿದ್ದು ಐದೇ. ಆಚೆ ಬ್ರಿಗಂಟೈನ್‌ವರೆಗೆ ಒಯ್ಯುವ ಯೋಜನೆ ಅಲ್ಲಿಗೇ ನಿಂತಿತು. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಸ್ಪಾರ್ಟಿನಾ ಹುಲ್ಲು, ಅದರೊಳಗೆ ಹಾವಾಡಿದ ಹಾಗೆ ಕಾಲುವೆಗಳು. ನವೆಂಬರ್ ಹೊತ್ತಿಗೆ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಬ್ಲ್ಯಾಕ್ ಡಕ್ ಅನ್ನುವ ಕಂದುಗಪ್ಪು ಬಾತು ಇಳಿಯುತ್ತದೆ, ಕೆನಡಾದ ಉತ್ತರ ತುದಿಯಿಂದ ಬ್ರ್ಯಾಂಟ್ ಅನ್ನುವ ಪುಟ್ಟ ಹೆಬ್ಬಾತುಗಳು ಸಾಲು ಸಾಲಾಗಿ ಬರುತ್ತವೆ.

ಲೂಸಿಯಾನದ ಜೌಗಿನಲ್ಲಿ ದಿನಕ್ಕೆ ಬಹುಮಟ್ಟಿಗೆ ಒಂದೇ ಉಬ್ಬರ, ಅದೂ ಒಂದಡಿಯ ಆಸುಪಾಸು. ನಮ್ಮ ಗ್ರೇಟ್ ಬೇಯಲ್ಲಿ ದಿನಕ್ಕೆ ಎರಡು, ಮೂರಡಿಯ ಆಸುಪಾಸು. ಹುಣ್ಣಿಮೆ ಅಮಾವಾಸ್ಯೆಗೆ ಇನ್ನೂ ಜಾಸ್ತಿ. ಅಲ್ಲಿಂದ ಉತ್ತರಕ್ಕೆ ಬಾರ್ನೆಗಟ್ ಕೊಲ್ಲಿಯ ಒಳಗೆ ಹೋದರೆ ಉಬ್ಬರ ಒಂದಡಿಯೂ ಏರುವುದಿಲ್ಲ, ಅಲ್ಲಿ ನೀರನ್ನು ಏರಿಸುವುದೂ ಇಳಿಸುವುದೂ ಹೆಚ್ಚಾಗಿ ಗಾಳಿ. ವಾಯವ್ಯದ ಗಾಳಿ ಎರಡು ದಿನ ಬಿಡದೆ ಬೀಸಿದರೆ ಕೊಲ್ಲಿಯ ನೀರನ್ನೆಲ್ಲ ಸಮುದ್ರಕ್ಕೆ ತಳ್ಳಿಬಿಡುತ್ತದೆ. ಬೆಳಗಿನ ಜಾವ ಮೊಣಕಾಲುದ್ದ ನೀರಿದ್ದ ಕಾಲುವೆಯಲ್ಲಿ ಹತ್ತು ಗಂಟೆಗೆ ಬರೀ ಹೊಳೆಯುವ ಕೆಸರು. ಇನ್ನೊಂದು ಸಂಗತಿ, ಪಂಚಾಂಗದ ಹಾಗೆ ಅಚ್ಚಾಗುವ ಉಬ್ಬರದ ಪಟ್ಟಿಯಲ್ಲಿ ಅಳಿವೆಯ ಬಾಯಿಯ ಹೊತ್ತು ಇರುತ್ತದೆ. ಒಳಗಿನ ಕಾಲುವೆಯ ತುದಿಗೆ ಆ ನೀರು ಮುಟ್ಟುವುದು ತಡವಾಗಿ, ಕೆಲವು ಕಡೆ ಗಂಟೆಗಟ್ಟಲೆ ತಡವಾಗಿ. ಹೊಸಬರು ಸಿಕ್ಕಿಬೀಳುವುದು ಇಲ್ಲಿಯೇ. ಆ ಕೆಸರು ತೊಡೆಮಟ್ಟ ನುಂಗುತ್ತದೆ, ಇಳಿದು ದೋಣಿ ದಬ್ಬುವ ಹಾಗಿಲ್ಲ. ನೀರು ಮತ್ತೆ ಬರುವವರೆಗೆ ಆ ಚಳಿಯಲ್ಲಿ ಕೂತಿರಬೇಕು.

"ಅಂದ್ರೆ ಮಡ್ ಮೋಟರೇ ಸರಿ ಅಲ್ವಾ ಅಣ್ಣಾ? ಕೆಸರಲ್ಲೂ ತಿರುಗುತ್ತೆ."

"ತಿರುಗುತ್ತೆ. ಗಾಳಿಯಿಂದಲೇ ತಣ್ಣಗಾಗೋ ಎಂಜಿನು, ಕೆಸರು ಕುಡಿದು ಕೆಡೋ ಭಯ ಇಲ್ಲ. ಮಾಮೂಲಿ ಔಟ್‌ಬೋರ್ಡಾದ್ರೆ ತಳದ ನೀರನ್ನೇ ಹೀರಿಕೊಂಡು ತಣ್ಣಗಾಗಬೇಕು, ಮರಳು ಹೊಕ್ಕರೆ ಪಂಪಿನ ರಬ್ಬರ್ ಚಕ್ರ ಹೋಯ್ತು. ಆದರೆ ನೀನು ಕೆಸರು ಮುಟ್ಟೋಕೆ ಮೊದಲು ಏನು ದಾಟಬೇಕು?"

"ಕೊಲ್ಲಿ."

"ಎಷ್ಟು ದೂರ? ಯಾವ ಗಾಳಿಗೆ?"

ಅವನು ಸುಮ್ಮನಾದ. ಜಾನ್ ಬೋಟು ಅಂದರೆ ಚಪ್ಪಟೆ ತಳ, ಚೌಕ ಮೂತಿ, ಗಿಡ್ಡ ಅಂಚು, ಮೇಲೆ ಮುಚ್ಚಿಗೆಯಿಲ್ಲ. ಕೆರೆಗೆ, ಕಿರಿದಾದ ಕಾಲುವೆಗೆ ಅದಕ್ಕಿಂತ ಒಳ್ಳೆಯದು ಬೇಡ. ಬೆಲೆ ಕಡಿಮೆ, ಹಗುರ, ಎರಡು ಜನ ಎದ್ದು ಓಡಾಡಬಹುದು. ಬಯಲು ಕೊಲ್ಲಿಯಲ್ಲಿ ಇದಿರು ಗಾಳಿ ಎದ್ದಾಗ ಅದರ ಚೌಕ ಮೂತಿ ಅಲೆಯನ್ನು ಸೀಳುವುದಿಲ್ಲ, ಬಡಿಯುತ್ತದೆ. ಬಡಿದಾಗೊಮ್ಮೆ ಒಂದಿಷ್ಟು ನೀರು ಒಳಗೆ. ಹದಿನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ತಳದಲ್ಲಿ ಒಂದೇ ಒಂದು ಅಂಗುಲ ನೀರು ನಿಂತರೆ ಅದರ ತೂಕ ಹೆಚ್ಚುಕಡಿಮೆ 135 ಕಿಲೋ. ಒಂದೂವರೆ ಆಳು ಜಾಸ್ತಿ ಹತ್ತಿದ ಲೆಕ್ಕ. ಆ ಆಳು ಒಂದು ಕಡೆ ಕೂರುವವನೂ ಅಲ್ಲ, ದೋಣಿ ಯಾವ ಕಡೆ ವಾಲುತ್ತದೋ ಆ ಕಡೆಗೇ ಓಡುತ್ತಾನೆ. ಭಾರದ ಮಡ್ ಮೋಟರು ಹಿಂದಿದ್ದರೆ ಹಿಂಬದಿ ಮೊದಲೇ ತಗ್ಗಿರುತ್ತದೆ, ಹಿಂದಿನಿಂದ ಬಂದ ಅಲೆ ಸೀದಾ ಒಳಗೆ.

ಈ ಲೆಕ್ಕವನ್ನು ಇಲ್ಲಿಯವರು ಇನ್ನೂರು ವರ್ಷಗಳ ಹತ್ತಿರ ಹತ್ತಿರ ಮೊದಲೇ ಹಾಕಿದ್ದರು. ಟಕರ್ಟನ್ ಪಕ್ಕದ ವೆಸ್ಟ್ ಕ್ರೀಕ್ ಹಳ್ಳಿಯಲ್ಲಿ ಹೇಝಲ್ಟನ್ ಸೀಮನ್ ಅಂತ ಒಬ್ಬ ದೋಣಿ ಕಟ್ಟುವವನು, ಬಾತುಬೇಟೆಯಲ್ಲೂ ಪಳಗಿದವನು, 1836ರ ಸುಮಾರಿಗೆ ತನ್ನ ಬಳಕೆಗೆಂದು ಒಂದು ದೋಣಿ ಮಾಡಿಕೊಂಡ. ಅದೇ ಮುಂದೆ ಬಾರ್ನೆಗಟ್ ಸ್ನೀಕ್‌ಬಾಕ್ಸ್ ಅಂತ ಹೆಸರಾಯಿತು. ಟಕರ್ಟನ್ ಸೀಪೋರ್ಟ್ ಅನ್ನುವ ಮ್ಯೂಸಿಯಂನಲ್ಲಿ ಹಳೆಯವನ್ನು ಇಟ್ಟಿದ್ದಾರೆ. ಆ ಹುಡುಗನಿಗೆ ಮೊದಲು ಅಲ್ಲಿಗೆ ಹೋಗು ಅಂದೆ, ಬರೀ ಹೋಗಬೇಡ, ಮಂಡಿಯೂರಿ ಕೂತು ನೋಡು ಅಂದೆ.

ನಿಂತು ನೋಡಿದರೆ ಅದು ಅರ್ಥವಾಗುವುದಿಲ್ಲ. ಹನ್ನೆರಡಡಿ ಉದ್ದ, ನಾಲ್ಕಡಿ ಅಗಲ. ಒಂದು ಚಮಚದ ಮೇಲೆ ಇನ್ನೊಂದು ಚಮಚ ಬೋರಲು ಹಾಕಿದ ಆಕಾರ, ಕೆಳಗಿನದು ತಳ, ಮೇಲಿನದು ಡೆಕ್ಕು. ಮೂತಿ ಚೂಪಾಗಿಲ್ಲ, ಗುಂಡಗೆ ಮೇಲಕ್ಕೆ ಬಾಗಿದೆ. ಹಾಗಾಗಿ ಕೆಸರಿನ ದಂಡೆಗೆ ಗುದ್ದದೆ ಹತ್ತಿಕೊಳ್ಳುತ್ತದೆ, ತೆಳು ಮಂಜುಗಡ್ಡೆಯ ಮೇಲೂ ಜಾರುತ್ತದೆ. ಮಂಜುಗಡ್ಡೆಯ ಮೇಲೆ ಎಳೆಯಲಿಕ್ಕೆಂದೇ ತಳಕ್ಕೆ ಪಟ್ಟಿ ಹೊಡೆದಿರುತ್ತಾರೆ. ಮಂಡಿಯೂರಿ ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದರೆ ಗೊತ್ತಾಗುತ್ತದೆ, ಡೆಕ್ಕಿನ ಉಬ್ಬು ನೀರಿನಿಂದ ಎದ್ದಿರುವುದು ಎಷ್ಟು ಸ್ವಲ್ಪ ಅಂತ. ಅದರ ಮೇಲೆ ಒಣಹುಲ್ಲು ಹರಡಿದರೆ ಜೌಗಿನ ಒಂದು ದಿಬ್ಬ, ಅಷ್ಟೆ. ನಡುವೆ ಒಬ್ಬ ಆಳು ಇಳಿದು ಕೂರುವಷ್ಟು ಬಾಯಿ, ಅದಕ್ಕೊಂದು ಮುಚ್ಚಳ. ಮುಚ್ಚಳ ಎಳೆದುಕೊಂಡು ಒಳಗೇ ಮಲಗಬಹುದು. ಹುಟ್ಟು ಸಿಕ್ಕಿಸುವ ಕೊಂಡಿಗಳು ಮಡಚುತ್ತವೆ, ಬೇಟೆಯ ಹೊತ್ತಿಗೆ ಯಾವುದೂ ಎದ್ದು ಕಾಣಬಾರದು ಅಂತ. ಬಾಯಿಯ ಮುಂದೆ ಒಂದು ಕ್ಯಾನ್ವಾಸ್ ಬಟ್ಟೆ ಎತ್ತಿ ಕಟ್ಟುವ ವ್ಯವಸ್ಥೆ, ಅಲೆಯ ಎರಚಲು ಮುಖಕ್ಕೆ ಬಡಿಯದಿರಲಿ ಅಂತ. ಪುಟ್ಟ ಹಾಯಿಯೂ ಏರಿಸಬಹುದು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಡೆಕ್ಕಿನ ಬುದ್ಧಿ. ಬಾತಿಗೆ ಕಾಣದಿರಲು ದೋಣಿ ತಗ್ಗಾಗಿರಬೇಕು, ಕೊಲ್ಲಿ ದಾಟಲು ಎತ್ತರವಾಗಿರಬೇಕು. ಎರಡೂ ಒಂದೇ ದೋಣಿಯಲ್ಲಿ ಆಗುವ ಮಾತಲ್ಲ. ಸೀಮನ್ ಎತ್ತರ ಬಿಟ್ಟುಕೊಟ್ಟು ಮುಚ್ಚಿಗೆ ಹಾಕಿದ. ಅಲೆ ಮೇಲೆ ಹತ್ತಲಿ, ಡೆಕ್ಕಿನ ಉಬ್ಬಿನಿಂದ ಎರಡು ಬದಿಗೆ ಹರಿದು ಹೋಗಲಿ, ಒಳಗೆ ಬರದಿದ್ದರೆ ಸಾಕು. ಕೂರುವವನು ತಳದ ಮೇಲೆಯೇ ಕೂರುವುದರಿಂದ ಭಾರವೆಲ್ಲ ಕೆಳಗೆ, ಮಗುಚುವ ಭಯ ಕಡಿಮೆ.

ಮರ ಇಲ್ಲಿಯದೇ. ಒಳನಾಡಿನ ಪೈನ್ ಕಾಡಿನ ಜವುಳು ಭೂಮಿಯಲ್ಲಿ ಬೆಳೆಯುವ ಬಿಳಿ ಸೀಡರ್, ಹಗುರ, ಬೇಗ ಕೊಳೆಯದು. ಬಾತುಗಳನ್ನು ಸೆಳೆಯಲು ನೀರಿನ ಮೇಲೆ ತೇಲಿಬಿಡುವ ಹುಸಿಬಾತುಗಳನ್ನೂ ಅದೇ ಮರದಲ್ಲಿ ಕೆತ್ತುತ್ತಿದ್ದರು. ಟಕರ್ಟನ್‌ನ ಹ್ಯಾರಿ ಶೌರ್ಡ್ಸ್ ಕೆತ್ತಿದವು ಈಗ ಸಂಗ್ರಹಕಾರರ ಆಸ್ತಿ. ಈ ಕಡೆಯ ಹುಸಿಬಾತನ್ನು ಕೈಗೆತ್ತಿಕೊಂಡರೆ ಆಶ್ಚರ್ಯವಾಗುತ್ತದೆ, ಗಾತ್ರಕ್ಕೆ ತಕ್ಕ ಭಾರವೇ ಇಲ್ಲ. ಎರಡು ಹೋಳು ಕೆತ್ತಿ, ಒಳಗೆ ಟೊಳ್ಳು ಮಾಡಿ, ಮತ್ತೆ ಜೋಡಿಸಿದ್ದು. ಇಷ್ಟು ಚಿಕ್ಕ ದೋಣಿಯ ಹಿಂಬದಿಯ ಚೌಕಟ್ಟಿನಲ್ಲಿ ಡಜನ್‌ಗಟ್ಟಲೆ ಬಾತು ಹೇರಬೇಕಾದರೆ ಟೊಳ್ಳು ಮಾಡದೆ ಗತಿಯಿಲ್ಲ. ದೋಣಿಯೇ ಹುಸಿಬಾತಿನ ಹೊಟ್ಟೆಯನ್ನೂ ನಿರ್ಧರಿಸಿತು ಅನ್ನಬಹುದು.

ಈ ದೋಣಿಯ ಶಕ್ತಿ ಎಷ್ಟು ಅಂತ ಕೇಳುವವರಿಗೆ ನಥಾನಿಯಲ್ ಬಿಷಪ್‌ನ ಹೆಸರು ಹೇಳುತ್ತೇನೆ. ಟಾಮ್ಸ್ ರಿವರ್‌ನ ಕಡೆಯವನು. 1875ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ಸ್ನೀಕ್‌ಬಾಕ್ಸ್ ಇಳಿಸಿ, ಒಹಾಯೋ ನದಿ, ಮಿಸಿಸಿಪ್ಪಿ ನದಿ, ಮೆಕ್ಸಿಕೋ ಕೊಲ್ಲಿಯ ದಂಡೆ ಹಿಡಿದು ಫ್ಲಾರಿಡಾ ಮುಟ್ಟಿದ, 2,600 ಮೈಲಿ. ರಾತ್ರಿ ಅದರೊಳಗೇ ಮಲಗುತ್ತಿದ್ದ. 1879ರಲ್ಲಿ ಆ ಪಯಣದ ಪುಸ್ತಕವೂ ಬಂತು.

"ಅಣ್ಣಾ, ಅದೆಲ್ಲ ಹಳೇ ಕಾಲದ್ದು. ಈಗ ಯಾರು ಮಾಡಿಕೊಡ್ತಾರೆ?"

ಯಾಕೆ, ಫೈಬರ್‌ಗ್ಲಾಸಿನಲ್ಲಿ ಅದೇ ಆಕಾರದವು ಸಿಗುತ್ತವೆ, ಹದಿನಾಲ್ಕು ಅಡಿಯವೂ ಇವೆ, ಚಿಕ್ಕ ಔಟ್‌ಬೋರ್ಡ್ ಕಟ್ಟಬಹುದು. ಸೆಕೆಂಡ್ ಹ್ಯಾಂಡೂ ಬರುತ್ತವೆ. ಸೆಪ್ಟೆಂಬರ್ ಕೊನೆಗೆ ಟಕರ್ಟನ್‌ನಲ್ಲಿ ಹುಸಿಬಾತು, ದೋಣಿ, ಬೇಟೆ ಸಾಮಾನಿನ ದೊಡ್ಡ ಮೇಳ ನಡೆಯುತ್ತದೆ, ಅಲ್ಲಿ ಹೋಗಿ ವಯಸ್ಸಾದವರ ಪಕ್ಕ ನಿಂತರೆ ಸಾಕು, ಅಂಗಡಿಯವನು ಹೇಳದ ಮಾತೆಲ್ಲ ಕಿವಿಗೆ ಬೀಳುತ್ತದೆ.

ಕಯಾಕ್ ಬಗ್ಗೆಯೂ ಕೇಳಿದ. ರಸ್ತೆ ಬದಿಯಲ್ಲೇ ಇಳಿಸಿ, ಕಿರಿದಾದ ಕಾಲುವೆಯಲ್ಲೇ ಇದ್ದು, ಬಯಲು ನೀರಿಗೆ ಕಾಲಿಡದೆ ಬರುವವನಿಗೆ ಅದು ಒಳ್ಳೆಯದೇ. ಬಂದೂಕು, ಹುಸಿಬಾತು, ದಪ್ಪ ಅಂಗಿ ಎಲ್ಲ ಸೇರಿ ಹೊರೆ ಹೆಚ್ಚಾದರೆ ನನಗೆ ಧೈರ್ಯವಿಲ್ಲ. ನಾಯಿ ಇರುವವರಿಗೆ ಬೇಡವೇ ಬೇಡ, ಒದ್ದೆಯಾದ ಲ್ಯಾಬ್ರಡಾರ್ ಪಕ್ಕದಿಂದ ಹತ್ತಲು ನೋಡಿದರೆ ಕಯಾಕ್ ಮಗುಚದೆ ಇರುವುದಿಲ್ಲ. ಇನ್ನು ಗಾರ್ವಿ ಅಂತ ಇಲ್ಲಿಯ ಕಪ್ಪೆಚಿಪ್ಪು ತೆಗೆಯುವವರ ಗಟ್ಟಿ ದೋಣಿಯಿದೆ, ಚಪ್ಪಟೆ ತಳ, ಎತ್ತರದ ಅಂಚು, ಎಷ್ಟು ಹೊರೆ ಬೇಕಾದರೂ ಹೊರುತ್ತದೆ. ಅಡಗಲಿಕ್ಕೆ ಆಗದು. ಕೆಲವರು ದೊಡ್ಡ ದೋಣಿಯಲ್ಲಿ ಕೊಲ್ಲಿ ದಾಟಿ, ಹಿಂದೆ ಕಟ್ಟಿಕೊಂಡು ಹೋದ ಚಿಕ್ಕದರಲ್ಲಿ ಬೇಟೆ ಆಡುತ್ತಾರೆ. ಎರಡು ದೋಣಿ ಇಟ್ಟುಕೊಳ್ಳುವ ಶಕ್ತಿ ಇರುವವರಿಗೆ ಅದಕ್ಕಿಂತ ಸರಿಯಾದ ದಾರಿ ಇಲ್ಲ.

ಅಡಗುವ ವಿಷಯಕ್ಕೆ ಜನ ದೋಣಿಗಿಂತ ಹೆಚ್ಚು ದುಡ್ಡು ಹಾಕುತ್ತಾರೆ. ಹಸಿರೆಲೆ ಚಿತ್ರದ ಬಣ್ಣ ಹೊಡೆಸಿಕೊಂಡು ಬರುತ್ತಾರೆ, ನವೆಂಬರಿನ ಜೌಗಿನಲ್ಲಿ ಹಸಿರು ಎಲ್ಲಿದೆ? ಹೊಳಪಿಲ್ಲದ ಒಣಹುಲ್ಲಿನ ಬಣ್ಣ, ಅಂಚಿಗೆ ಅಲ್ಲಿಯದೇ ಹುಲ್ಲಿನ ಕಟ್ಟು, ಇಷ್ಟೇ ಸಾಕು. ಬಾತು ನೋಡುವುದು ನೆರಳನ್ನು ಮತ್ತು ಅಲುಗಾಟವನ್ನು.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಏನು ಪರೀಕ್ಷಿಸಬೇಕು ಅಂತ ಅವನಿಗೆ ಕೈಯಲ್ಲೇ ತೋರಿಸಿದೆ, ಬೇಲಿಯ ಹಲಗೆಯ ಮೇಲೆ. ಮೋಟರು ಕಟ್ಟುವ ಹಿಂದಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಅಡಿಯಿಂದ ಮುಡಿಯವರೆಗೆ ತಟ್ಟುತ್ತ ಹೋಗಬೇಕು. ಗಟ್ಟಿಯಾದಲ್ಲಿ ಠಣ್ ಅಂತ ಚುರುಕು ಸದ್ದು, ಒಳಗಿನ ಪ್ಲೈವುಡ್ ಕೊಳೆತಲ್ಲಿ ಮಂಕು ಸದ್ದು. ಬೋಲ್ಟುಗಳ ಸುತ್ತ, ನೀರು ಬಿಡುವ ತೂತಿನ ಸುತ್ತ ಎರಡು ಸಲ ತಟ್ಟು, ಕೊಳೆತ ಶುರುವಾಗುವುದು ಅಲ್ಲಿಂದಲೇ. ಆಮೇಲೆ ತೂಕ. ತೇಲಲೆಂದು ತುಂಬಿದ ಫೋಮ್ ವರ್ಷಗಟ್ಟಲೆ ನೀರು ಕುಡಿದಿದ್ದರೆ ದೋಣಿ ಇರಬೇಕಾದ್ದಕ್ಕಿಂತ ಎಷ್ಟೋ ಭಾರವಿರುತ್ತದೆ. ಇಬ್ಬರು ಸೇರಿ ಒಂದು ತುದಿ ಎತ್ತಲಾಗದಿದ್ದರೆ ಕೆಸರಿನ ದಂಡೆಯ ಮೇಲೆ ಏನು ಮಾಡುತ್ತೀಯ? ಅಲ್ಯೂಮಿನಿಯಮ್ಮೇ ಬೇಕೆಂದರೆ ರಿವಿಟ್ ಹೊಡೆದದ್ದು ಬೇಡ, ಬೆಸುಗೆ ಹಾಕಿದ್ದು ತಗೋ. ಅದಕ್ಕೆ ತಾಮ್ರ ಬೆರೆತ ಬಣ್ಣ ಹೊಡೆಯಬೇಡ, ಉಪ್ಪುನೀರಿನಲ್ಲಿ ತಾಮ್ರ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಟ್ರೇಲರಿನ ಚಕ್ರ ತಿರುಗಿಸಿ ಬೇರಿಂಗ್ ಸದ್ದು ಕೇಳು. ಮನೆಗೆ ಬಂದ ಮೇಲೆ ಮೋಟರಿಗೆ ಸಿಹಿನೀರು ಹಾಯಿಸದೆ ಊಟಕ್ಕೆ ಕೂರಬೇಡ.

ದೋಣಿಯ ಒಳಗೆ ಅಂಟಿಸಿದ ಒಂದು ತಗಡಿರುತ್ತದೆ, ಎಷ್ಟು ಜನ, ಎಷ್ಟು ತೂಕ, ಎಷ್ಟು ಹಾರ್ಸ್‌ಪವರ್ ಅಂತ. ಇಪ್ಪತ್ತು ಅಡಿಗಿಂತ ಚಿಕ್ಕ ಮೋಟರು ದೋಣಿಗಳಿಗೆ ಇಲ್ಲಿ ಅದು ಕಡ್ಡಾಯ. ಅದರಲ್ಲಿ ಬರೆದದ್ದು ಶಾಂತ ನೀರಿನ ಲೆಕ್ಕ. ಜನವರಿಯ ಗಾಳಿಗೆ ಅದರಿಂದ ಒಂದಿಷ್ಟು ಕಳೆಯಬೇಕು. ಲಂಗರನ್ನು ಮೂತಿಯಿಂದಲೇ ಬಿಡಬೇಕು, ಹಿಂಬದಿಯಿಂದ ಬಿಟ್ಟರೆ ಅಲೆ ಹಿಂದಿನಿಂದ ತುಂಬುತ್ತದೆ. ಜಲ್ಲೆಯೊಂದು ಇರಲೇಬೇಕು, ಕೆಸರಿಗೆ ಊರಿದಾಗ ತುದಿಯಲ್ಲಿ ರೆಕ್ಕೆ ಬಿಚ್ಚಿಕೊಳ್ಳುವಂಥದ್ದು. ಮೋಟರು ಕೈಕೊಟ್ಟಾಗ ಕಾಯುವುದು ಅದೇ.

ಕಾನೂನು ಕೂಡ ದೋಣಿಯ ಆಯ್ಕೆಯೊಳಗೆ ಬರುತ್ತದೆ. ಮೋಟರು ನಿಲ್ಲಿಸಿ, ಹಾಯಿ ಇಳಿಸಿ, ದೋಣಿಯ ಓಟ ಪೂರ್ತಿ ನಿಂತ ಮೇಲೆಯೇ ಗುಂಡು ಹಾರಿಸಬೇಕು ಅನ್ನುವುದು ಫೆಡರಲ್ ನಿಯಮ. ಅಂದಮೇಲೆ ವೇಗದ ಮೋಟರು ಬೇಟೆಗೆ ಏನೂ ಕೊಡುವುದಿಲ್ಲ, ಹೋಗಿ ಬರುವುದಕ್ಕೆ ಮಾತ್ರ. ಸೀಸದ ಗುಂಡು 1991ರಿಂದ ದೇಶಾದ್ಯಂತ ಬಾತುಬೇಟೆಗೆ ನಿಷಿದ್ಧ. ಹದಿನಾರು ತುಂಬಿದ ಪ್ರತಿಯೊಬ್ಬ ಬಾತುಬೇಟೆಗಾರನೂ ವರ್ಷಕ್ಕೊಂದು ಡಕ್ ಸ್ಟ್ಯಾಂಪ್ ಕೊಳ್ಳಬೇಕು, 1934ರಲ್ಲಿ ಒಂದು ಡಾಲರಿಗೆ ಶುರುವಾದದ್ದು ಈಗ 25 ಡಾಲರ್. ಅದರ ಪ್ರತಿ ಡಾಲರಿನಲ್ಲಿ 98 ಸೆಂಟು ಜೌಗು ಉಳಿಸುವ ಕೆಲಸಕ್ಕೆ ಹೋಗುತ್ತದೆ. 1939ರಲ್ಲಿ ಹುಟ್ಟಿ, ಇಂಥ ದುಡ್ಡಿನ ನೆರವಿನಿಂದ ಬೆಳೆದು, ಇವತ್ತು ಎಡ್ವಿನ್ ಫೋರ್ಸೈತ್ ಹೆಸರಿನಲ್ಲಿರುವ ನಮ್ಮ ಪಕ್ಕದ ಪಕ್ಷಿಧಾಮ 40,000 ಎಕರೆಗೂ ದೊಡ್ಡದು. ಬೈನಾಕ್ಯುಲರ್ ಹಿಡಿದು ಹೋಗುವ ನನ್ನಂಥವರು ಬೇಟೆಗಾರರ ಈ ಋಣ ಮರೆಯಬಾರದು. ನಾನೂ ಪ್ರತಿ ವರ್ಷ ಆ ಸ್ಟ್ಯಾಂಪ್ ಕೊಳ್ಳುತ್ತೇನೆ.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಬಾತುಬೇಟೆಯಲ್ಲಿ ಜೀವ ಹೋಗುವುದು ಬಂದೂಕಿನಿಂದ ಮಾತ್ರವಲ್ಲ, ನೀರಿನಿಂದಲೂ ಹೋಗುತ್ತದೆ. 1940ರ ನವೆಂಬರ್ 11ರಂದು ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಬೆಳಿಗ್ಗೆ ಬೆಚ್ಚಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿಯಾಗಿ, ನೂರೈವತ್ತರ ಹತ್ತಿರ ಜನ ಸತ್ತರು. ಅದರಲ್ಲಿ ಬಹಳ ಮಂದಿ ಮಿಸಿಸಿಪ್ಪಿಯ ದ್ವೀಪಗಳಲ್ಲಿ ಚಿಕ್ಕ ದೋಣಿಗಳೊಂದಿಗೆ ಸಿಕ್ಕಿಕೊಂಡ ಬಾತುಬೇಟೆಗಾರರು. ನಮ್ಮ ಕೊಲ್ಲಿಯ ನೀರು ಜನವರಿಯಲ್ಲಿ 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅದರಲ್ಲಿ ಬಿದ್ದವನಿಗೆ ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಇರುವುದು ಸುಮಾರು ಒಂದು ಗಂಟೆ. ತಣ್ಣೀರಿನ ಸುರಕ್ಷತೆ ಕಲಿಸುವವರ ಲೆಕ್ಕ ಇದು. ಲೈಫ್ ಜಾಕೆಟ್ ಇಲ್ಲದವನಿಗೆ ಆ ಒಂದು ಗಂಟೆ ಸಿಗುವುದೇ ಇಲ್ಲ. ಪಕ್ಕದ ನ್ಯೂಯಾರ್ಕ್ ರಾಜ್ಯದಲ್ಲಿ 21 ಅಡಿಗಿಂತ ಚಿಕ್ಕ ದೋಣಿಯಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ ಅದನ್ನು ತೊಟ್ಟೇ ಇರಬೇಕೆಂದು ಕಾನೂನಿದೆ. ಎಲ್ಲ ಕಡೆಯೂ ಬರಬೇಕಾದ ಕಾನೂನು.

"ಹಾಗಾದ್ರೆ ಕೊನೆಗೆ ಯಾವುದು ಅಣ್ಣಾ?"

ನಾನು ಹೇಳಿದ್ದು ಇದು, ಇಲ್ಲಿ ಓದುವವರಿಗೂ ಅದನ್ನೇ ಹೇಳುತ್ತೇನೆ. ಹದಿನಾಲ್ಕು ಅಡಿಯ, ಡೆಕ್ ಮುಚ್ಚಿದ, ಫೈಬರ್‌ಗ್ಲಾಸಿನ ಸ್ನೀಕ್‌ಬಾಕ್ಸ್. ಹಳೆಯದಾದರೂ ಅಡ್ಡಿಯಿಲ್ಲ, ಹಿಂದಿನ ಹಲಗೆ ಗಟ್ಟಿ ಇರಲಿ. ಚಿಕ್ಕ ಔಟ್‌ಬೋರ್ಡು, ಒಂದು ಜೊತೆ ಹುಟ್ಟು, ಒಂದು ಜಲ್ಲೆ. ರಸ್ತೆ ಬದಿಯ ಕಾಲುವೆ ಬಿಟ್ಟು ಆಚೆ ಹೋಗುವುದೇ ಇಲ್ಲ ಅಂತಾದರೆ ಜಾನ್ ಬೋಟು ಸಾಕು. ಅಳಿವೆಯ ಹತ್ತಿರ ಹೋಗುವವರಿಗೆ ಎರಡೂ ಸಾಲದು, ಎತ್ತರದ ಅಂಚಿನ ದೊಡ್ಡ ದೋಣಿಯೇ ಬೇಕು. ಕತ್ತಲಲ್ಲಿ ಹೊರಡುವ ಮುಂಚೆ ಯಾವ ಕಾಲುವೆಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಬರೆದು ಅಡುಗೆಮನೆಯ ಮೇಜಿನ ಮೇಲಿಟ್ಟು ಹೋಗಿ. ಲೈಫ್ ಜಾಕೆಟ್ಟನ್ನು ದಡದಲ್ಲೇ ತೊಟ್ಟು, ದಡಕ್ಕೆ ಮರಳಿದ ಮೇಲೆಯೇ ಬಿಚ್ಚಿ.